‘ಇಂಡೆಂಚರ್’ಗೆ ಜೀತವೋ, ಗುತ್ತಿಗೆಯೋ, ಕರಾರೋ? ಟ್ರಿನಿಡಾಡ್ ಪರಿಚಯ ಲೇಖನದ ಪದಗಳು

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಕೆರಿಬಿಯನ್ ದ್ವೀಪದೇಶವಾದ ಟ್ರಿನಿಡಾಡ್ ಮತ್ತು ಟೊಬೇಗೊದ ಇತಿಹಾಸ, ಆರ್ಥಿಕತೆ, ಸಂಸ್ಕೃತಿಯ ಬಗ್ಗೆ ಪರಿಚಯ ಲೇಖನವೊಂದು ಕನ್ನಡದಲ್ಲಿ ಸಿದ್ಧವಾಗುತ್ತಿದೆ. ಕೆಲವು ಪದಗಳಲ್ಲಿ ತೊಡಕಿದೆ.

1845ರ ಮೇ 30ರಂದು ಫತೆಲ್ ರಜಾಕ್ ಎಂಬ ಹಡಗು ಕಲ್ಕತ್ತೆಯಿಂದ ಇನ್ನೂರಕ್ಕೂ ಹೆಚ್ಚು ಜನರನ್ನು ಟ್ರಿನಿಡಾಡಿಗೆ ತಂದಿಳಿಸಿತು. 1917ರವರೆಗೆ ಹೀಗೆ ಹೋದವರು ಸುಮಾರು 1,44,000. ಹೆಚ್ಚಿನವರು ಭೋಜಪುರಿ, ಅವಧಿ ಭಾಷೆಗಳನ್ನು ಆಡುವ ಉತ್ತರ ಭಾರತದ ಸೀಮೆಯವರು, ಒಂದಿಷ್ಟು ಜನ ಮದ್ರಾಸ್ ಬಂದರಿನಿಂದ ಹೊರಟವರು. ಇವರು ಇಂತಿಷ್ಟು ವರ್ಷದ ಒಪ್ಪಂದಕ್ಕೆ ಒಳಪಟ್ಟು ಎಸ್ಟೇಟುಗಳಲ್ಲಿ ದುಡಿದ ‘ಇಂಡೆಂಚರ್’ ಪದ್ಧತಿಗೆ ಜೀತ, ಗುತ್ತಿಗೆ ದುಡಿಮೆ, ಗಿರ್ಮಿಟ್ ಇವುಗಳಲ್ಲಿ ಯಾವುದು ಹೊಂದುತ್ತದೆ? ‘ಪ್ಲಾಂಟೇಶನ್’, ‘ಅಪ್ರೆಂಟಿಸ್’, ‘ಡ್ರೈವರ್’, ‘ಸ್ಟೀಲ್ ಪ್ಯಾನ್’ ಮತ್ತು ತಿಂಡಿಗಳ ಹೆಸರುಗಳೂ ಇದೇ ರೀತಿ ತೊಂದರೆ ಕೊಡುತ್ತಿವೆ. ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ 1

ಮೇಡಂ, ‘ಜೀತ’ ಖಂಡಿತ ಬೇಡ. ಜೀತ ಹುಟ್ಟುವುದು ಸಾಲದಿಂದ. ಧಣಿಗೂ ಆಳಿಗೂ ನಡುವಿನ ಬಾಯಿಮಾತು, ಅಪ್ಪನ ಸಾಲಕ್ಕೆ ಮಗನ ದುಡಿಮೆ, ಮುಗಿಯುವ ದಿನ ಎಂಬುದೇ ಇಲ್ಲ. ಭಾರತದಲ್ಲಿ 1976ರ ಕಾಯ್ದೆ ರದ್ದು ಮಾಡಿದ್ದು ಇದನ್ನು. ಹಳಗನ್ನಡದಲ್ಲಿ ಜೀತಕ್ಕೆ ಸಂಬಳ ಎಂಬ ಅರ್ಥವಿತ್ತು, ತೆಲುಗಿನ ಜೀತಂ ಇಂದಿಗೂ ಸಂಬಳವೇ. ಆದರೆ ಈಗಿನ ಕನ್ನಡ ಓದುಗರಿಗೆ ಆ ಅರ್ಥ ಹೊಳೆಯುವುದಿಲ್ಲ.

ಟ್ರಿನಿಡಾಡಿನದು ಸರ್ಕಾರದ ಕಾಗದದ ಮೇಲೆ ನಡೆದ ವ್ಯವಸ್ಥೆ. ಒಬ್ಬೊಬ್ಬರನ್ನೂ ಒಂದು ಎಸ್ಟೇಟಿಗೆ ಹಂಚುತ್ತಿದ್ದರು, ಅವಧಿ 5 ವರ್ಷ. ಒಟ್ಟು 10 ವರ್ಷ ದ್ವೀಪದಲ್ಲಿ ಕಳೆದರೆ ಊರಿಗೆ ಮರಳಲು ಹಡಗಿನ ಸೌಲಭ್ಯ. ಮೊದಮೊದಲು ಅದು ಪೂರ್ತಿ ಉಚಿತವಾಗಿತ್ತು, ಆಮೇಲೆ ಖರ್ಚಿನ ಒಂದು ಪಾಲನ್ನು ಅವರೇ ಹೊರಬೇಕಾಯಿತು. 1869ರಿಂದ ಸುಮಾರು 1880ರವರೆಗೆ ಈ ಹಕ್ಕನ್ನು ಬಿಟ್ಟುಕೊಟ್ಟವರಿಗೆ ಬದಲಾಗಿ ಸರ್ಕಾರಿ ಜಮೀನು ಸಿಕ್ಕಿತು. ದ್ವೀಪದಲ್ಲಿ ಭಾರತೀಯರ ಹಳ್ಳಿಗಳು ಬೇರುಬಿಟ್ಟದ್ದಕ್ಕೆ ಇದೂ ಒಂದು ಕಾರಣ. ಲೇಖನದಲ್ಲಿ ಜೀತ ಎಂದು ಬರೆದುಬಿಟ್ಟರೆ ಅವಧಿ, ಹಡಗು, ಜಮೀನು ಯಾವುದಕ್ಕೂ ಅರ್ಥ ಉಳಿಯುವುದಿಲ್ಲ.

‘ಗುತ್ತಿಗೆ ಕಾರ್ಮಿಕ’ ಎಂದರೆ ತಪ್ಪು ಇನ್ನೊಂದು ಕಡೆಗೆ ವಾಲುತ್ತದೆ. ಇವತ್ತಿನ ಗುತ್ತಿಗೆ ಕಾರ್ಮಿಕ ಕೆಲಸಕ್ಕೆ ಹೋಗದಿದ್ದರೆ ಅವನ ಕೆಲಸ ಹೋಗುತ್ತದೆ. ಅಲ್ಲಿ ಹೋಗದಿದ್ದವನಿಗೆ ದಂಡ ಅಥವಾ ಜೈಲು. ಅನುಮತಿ ಚೀಟಿ ಇಲ್ಲದೆ ಎಸ್ಟೇಟಿನ ಹೊರಗೆ ಸಿಕ್ಕಿಬಿದ್ದರೂ ಅಪರಾಧ. ಒಪ್ಪಂದ ಮುರಿಯುವುದು ಸಾಮಾನ್ಯವಾಗಿ ಸಿವಿಲ್ ವ್ಯಾಜ್ಯ. ಇಲ್ಲಿ ಅದನ್ನೇ ಕ್ರಿಮಿನಲ್ ಅಪರಾಧ ಮಾಡಿದ್ದರು. ಈ ಪದ್ಧತಿಯ ಕ್ರೌರ್ಯ ಇರುವುದೇ ಇಲ್ಲಿ, ನಮ್ಮ ಪದ ಅದನ್ನು ಮುಚ್ಚಬಾರದು.

ಹಾಗಾಗಿ ನನ್ನ ಆಯ್ಕೆ ‘ಕರಾರು ದುಡಿಮೆ’, ‘ಕರಾರು ಕಾರ್ಮಿಕರು’. ಪದ ಮೊದಲ ಸಲ ಬರುವಾಗ ಒಂದು ವಾಕ್ಯ ಕೂಡಿಸಿ: ‘ಇವರು 5 ವರ್ಷದ ಕರಾರಿಗೆ ಕಟ್ಟುಬಿದ್ದವರು; ಕರಾರು ಮೀರಿದರೆ ಜೈಲು.’ ಅಲ್ಲಿಯ ಇಂಗ್ಲಿಷಿನಲ್ಲೂ ಇಂಥವರನ್ನು ‘ಬೌಂಡ್’ ಎನ್ನುತ್ತಿದ್ದರು, ಅಂದರೆ ನಮ್ಮ ‘ಕಟ್ಟುಬಿದ್ದವರು’.

‘ಗಿರ್ಮಿಟ್’ ಎಂಬುದು ‘ಅಗ್ರಿಮೆಂಟ್’ ಸವೆದು ಆದ ಪದ. ಅದು ಹೆಚ್ಚಾಗಿ ಬಳಕೆಯಲ್ಲಿರುವುದು ಫಿಜಿ, ದಕ್ಷಿಣ ಆಫ್ರಿಕಾಗಳ ಕಥನದಲ್ಲಿ. ಸಾಲದ್ದಕ್ಕೆ ಹುಬ್ಬಳ್ಳಿ-ಧಾರವಾಡದ ಓದುಗರಿಗೆ ಗಿರ್ಮಿಟ್ ಎಂದರೆ ಚುರುಮುರಿಯ ತಿಂಡಿ. ಟ್ರಿನಿಡಾಡಿಗೆ ಅದು ಬೇಡ.

‘ಅಪ್ರೆಂಟಿಸ್’ ವಿಷಯದಲ್ಲೂ ಎಚ್ಚರ ಬೇಕು. ಟ್ರಿನಿಡಾಡಿನಲ್ಲಿ ಗುಲಾಮಗಿರಿ ಕಾನೂನಿನ ಪ್ರಕಾರ ಕೊನೆಯಾದದ್ದು 1834ರ ಆಗಸ್ಟ್ 1ಕ್ಕೆ. ಆದರೂ 1838ರ ಆಗಸ್ಟ್ 1ರವರೆಗೆ ಗುಲಾಮರಾಗಿದ್ದ ಆಫ್ರಿಕಾ ಮೂಲದ ಜನ ‘ಅಪ್ರೆಂಟಿಸ್’ ಎಂಬ ಹೆಸರಿನಲ್ಲಿ ವಾರದ ಬಹುಪಾಲು ಸಂಬಳವಿಲ್ಲದೆ ಹಳೆಯ ಒಡೆಯನಿಗೇ ದುಡಿದರು. ಕಲಿಯಲು ಅಲ್ಲಿ ಹೊಸದೇನೂ ಇರಲಿಲ್ಲ. ‘ತರಬೇತಿ ಅವಧಿ’ ಎಂದರೆ ಅಂದಿನ ಸುಳ್ಳನ್ನು ನಾವು ಮತ್ತೊಮ್ಮೆ ಹೇಳಿದಂತೆ. ‘ಕಡ್ಡಾಯ ದುಡಿಮೆಯ ನಾಲ್ಕು ವರ್ಷ’ ಎನ್ನಿ.

ಮರುಪ್ರಶ್ನೆ

ಸರ್, ಬಹಳ ಉಪಕಾರವಾಯಿತು. ಒಂದೇ ಅನುಮಾನ. ‘ಕರಾರು ಕೂಲಿಗಳು’ ಎಂದರೆ ಇನ್ನೂ ಸಹಜವಲ್ಲವೇ? ಕೂಲಿ ನಮ್ಮದೇ ಪದ.

ಉತ್ತರ 2

ನಮ್ಮದೇ, ನಿಜ. ಕನ್ನಡ, ತಮಿಳುಗಳಲ್ಲಿ ಕೂಲಿ ಎಂದರೆ ಮೊದಲು ದುಡಿಮೆಗೆ ಸಿಗುವ ಹಣ. ‘ಕೂಲಿ ಎಷ್ಟು?’ ಎಂದು ಕೇಳಿದರೆ ಇಲ್ಲಿ ಯಾರಿಗೂ ಅವಮಾನವಿಲ್ಲ. ಟ್ರಿನಿಡಾಡಿನಲ್ಲಿ ಅದು ಒಂದು ಜನಾಂಗವನ್ನು ಹೀಯಾಳಿಸುವ ಬೈಗುಳವಾಗಿ ಬೆಳೆಯಿತು. ವಕೀಲನಾದರೂ ವೈದ್ಯನಾದರೂ ಭಾರತೀಯ ಮೂಲದವನಾದರೆ ‘ಕೂಲಿ’. ಆದ್ದರಿಂದ ಹಣದ ಅರ್ಥಕ್ಕೆ ಧಾರಾಳವಾಗಿ ಬಳಸಿ: ‘ಗಂಡಾಳಿನ ದಿನಗೂಲಿ 25 ಸೆಂಟ್.’ ಮನುಷ್ಯರನ್ನು ಹೇಳುವಾಗ ಕಾರ್ಮಿಕರು ಎನ್ನಿ. ಮೂಲದಲ್ಲಿ ಬೈಗುಳವಾಗಿಯೇ ಬಂದಿದ್ದರೆ ಉದ್ಧರಣ ಚಿಹ್ನೆಯೊಳಗೆ ಹಾಗೇ ಉಳಿಸಿ, ಅದು ಅಲ್ಲಿ ನಿಂದೆ ಎಂದು ತಿಳಿಸಿ.

ಆ 25 ಸೆಂಟ್ ದುಡಿದ ಹೊತ್ತಿನ ಲೆಕ್ಕಕ್ಕೆ ಕೊಟ್ಟದ್ದಲ್ಲ, ‘ಟಾಸ್ಕ್’ಗೆ ಕೊಟ್ಟದ್ದು. ಇಷ್ಟು ಕಬ್ಬು ಕಡಿಯಬೇಕು, ಇಷ್ಟು ಕಳೆ ತೆಗೆಯಬೇಕು ಎಂದು ಅಳೆದು ಕೊಟ್ಟ ಕೆಲಸ. ಅಳತೆ ಹೆಚ್ಚಿಸಿದರೆ ದಿನಗೂಲಿ ಕಾಗದದ ಮೇಲೆ ಅಷ್ಟೇ ಇರುತ್ತದೆ, ಕೈಗೆ ಬರುವುದು ಕಡಿಮೆಯಾಗುತ್ತದೆ. ‘ಅಳತೆ ಕೆಲಸ’ ಎಂಬ ಪದ ಇದಕ್ಕೆ ಸರಿಹೊಂದುತ್ತದೆ.

‘ಪ್ಲಾಂಟೇಶನ್’ಗೆ ತೋಟ ಎಂದರೆ ನಮಗೆ ಅಡಿಕೆ, ತೆಂಗು ಕಾಣುತ್ತವೆ. ಕಬ್ಬಿನ ಗದ್ದೆ ಎಂದರೆ ಒಬ್ಬ ರೈತನ ಹಿಡುವಳಿ. ಟ್ರಿನಿಡಾಡಿನಲ್ಲಿ ಹೊಲ, ಗಾಣ, ಕಾರ್ಮಿಕರ ವಸತಿ ಎಲ್ಲ ಸೇರಿ ಒಬ್ಬ ಒಡೆಯನದು, ಹೆಸರು ‘ಎಸ್ಟೇಟ್’. ಕೊಡಗು, ಚಿಕ್ಕಮಗಳೂರಿನ ಕಾಫಿ ಸೀಮೆಯಲ್ಲಿ ಇದೇ ಪದ ಬಳಕೆಯಲ್ಲಿದೆ, ‘ಕಬ್ಬಿನ ಎಸ್ಟೇಟ್’ ಎಂದೇ ಬರೆಯಿರಿ. ಅಲ್ಲಿನ ‘ಬ್ಯಾರಕ್’ಗೆ ನಮ್ಮ ಕಾಫಿ ಎಸ್ಟೇಟಿನ ‘ಲೈನ್ ಮನೆ’ ಹತ್ತಿರದ ಪದ: ಒಂದೇ ಸೂರಿನಡಿ ಸಾಲು ಕೋಣೆಗಳು, ಕೋಣೆಗೊಂದು ಸಂಸಾರ. ‘ಬ್ಯಾರಕ್’ ಎಂದೇ ಬಿಟ್ಟರೆ ಸೈನಿಕರು ನೆನಪಾಗುತ್ತಾರೆ.

‘ಡ್ರೈವರ್’ ಅಪಾಯದ ಪದ. ಎಸ್ಟೇಟಿನ ಡ್ರೈವರ್ ಗಾಡಿ ಹೊಡೆಯುವವನಲ್ಲ, ಆಳುಗಳ ತಂಡವನ್ನು ಬೆನ್ನುಬಿದ್ದು ದುಡಿಸುವವನು. ಭಾರತೀಯ ತಂಡದ ಮೇಲಿದ್ದವನು ‘ಸಿರ್ದಾರ್’. ಸರ್ದಾರ ಎಂದು ಬರೆದರೆ ಕತ್ತಿ ಹಿಡಿದ ದಂಡನಾಯಕ ಕಣ್ಣಿಗೆ ಬರುತ್ತಾನೆ. ಇಬ್ಬರಿಗೂ ‘ಮೇಸ್ತ್ರಿ’ ಸಾಕು.

ಆರ್ಥಿಕತೆಯ ಭಾಗ ಬರೆಯುವಾಗ ಕ್ರಿಯಾಪದದ ಕಾಲ ನೋಡಿಕೊಳ್ಳಿ. ‘ಸಕ್ಕರೆ ಮುಖ್ಯ ಉತ್ಪನ್ನ’ ಎಂದು ವರ್ತಮಾನದಲ್ಲಿ ಬರೆಯುವಂತಿಲ್ಲ. ಸರ್ಕಾರಿ ಸಕ್ಕರೆ ಕಂಪನಿ ಕರೋನಿ 2003ರಲ್ಲಿ ಮುಚ್ಚಿತು. ಈಗ ದೇಶ ನಿಂತಿರುವುದು ತೈಲ, ನೈಸರ್ಗಿಕ ಅನಿಲದ ಮೇಲೆ. ಅನಿಲವನ್ನು ಮೈನಸ್ 162 ಡಿಗ್ರಿಗೆ ತಣಿಸಿ ದ್ರವ ಮಾಡಿ 1999ರಿಂದ ರಫ್ತು ಮಾಡುತ್ತಾರೆ, ಪಾಯಿಂಟ್ ಲೀಸಾಸ್ ಕೈಗಾರಿಕಾ ಪ್ರದೇಶದಲ್ಲಿ ಅನಿಲದಿಂದಲೇ ಅಮೋನಿಯಾ, ಮೆಥನಾಲ್ ತಯಾರಿಸುತ್ತಾರೆ. ಬರೀ ‘ಗ್ಯಾಸ್’ ಎಂದರೆ ಅಡುಗೆ ಸಿಲಿಂಡರ್ ಎಂದುಕೊಳ್ಳುವವರಿದ್ದಾರೆ, ಆದ್ದರಿಂದ ‘ನೈಸರ್ಗಿಕ ಅನಿಲ’ ಎಂದೇ ಬರೆಯಿರಿ. ಕಡಲತೀರ, ಪ್ರವಾಸಿಗರು ಎಂಬ ಚಿತ್ರ ಟೊಬೇಗೊಗೆ ಹೊಂದುತ್ತದೆ, ಟ್ರಿನಿಡಾಡಿಗೆ ಅಷ್ಟಾಗಿ ಇಲ್ಲ. ಲಾ ಬ್ರೇಯಾದ ‘ಪಿಚ್ ಲೇಕ್’ಗೆ ‘ಡಾಂಬರು ಕೆರೆ’ ಚೆನ್ನಾಗಿದೆ.

ಉತ್ತರ 3

ತಿಂಡಿ ಮತ್ತು ವಾದ್ಯದ ಪದಗಳ ಬಗ್ಗೆ ಇಷ್ಟು ಸೇರಿಸಬಹುದು.

‘ಡಬಲ್ಸ್’ ಎಂಬ ತಿಂಡಿಯ ಹೆಸರು ರೂಪದಲ್ಲಿ ಬಹುವಚನ, ಬಳಕೆಯಲ್ಲಿ ಏಕವಚನ: ‘ಒಂದು ಡಬಲ್ಸ್’. ಎರಡು ‘ಬಾರಾ’, ಅವುಗಳ ಜೊತೆ ಕಡಲೆಕಾಳಿನ ಪಲ್ಯ. ಬಾರಾ ಎಂಬುದು ಭೋಜಪುರಿಯ ವಡೆಯ ಹೆಸರೇ, ಆದರೆ ವಸ್ತು ಬೇರೆಯಾಗಿಹೋಗಿದೆ: ಮೈದಾ, ಅರಿಶಿನ, ಯೀಸ್ಟ್ ಕಲಸಿ ಉಬ್ಬಿಸಿ, ಅಂಗೈಯಗಲ ತೆಳ್ಳಗೆ ತಟ್ಟಿ ಕರಿದದ್ದು, ಪೂರಿಗಿಂತ ಮೆತ್ತಗೆ. ‘ವಡೆ’ ಎಂದು ಬರೆದರೆ ಓದುಗರು ಉದ್ದು ನೆನೆಸಲು ಹೊರಡುತ್ತಾರೆ, ‘ಬಾರಾ’ ಎಂದೇ ಇರಲಿ. ‘ದಾಲ್‌ಪುರಿ’ಯನ್ನು ಮಾತ್ರ ಹೋಳಿಗೆಗೆ ಹೋಲಿಸಿ ಹೇಳಿದರೆ ತಟ್ಟನೆ ಅರ್ಥವಾಗುತ್ತದೆ: ಬೇಯಿಸಿ ಪುಡಿ ಮಾಡಿದ ಬೇಳೆಯ ಖಾರದ ಹೂರಣ, ಬೆಲ್ಲವಿಲ್ಲ, ಜೀರಿಗೆ ಉಂಟು, ಕಣಕದೊಳಗೆ ತುಂಬಿ ಲಟ್ಟಿಸಿ ಹೆಂಚಿನ ಮೇಲೆ ಬೇಯಿಸುವುದು.

ನಂಟಿನ ಪದಗಳಲ್ಲೂ ಒಂದು ಗುಂಡಿ ಇದೆ. ಅಲ್ಲಿಯ ‘ಆಜಾ’, ‘ಆಜಿ’ ನಮ್ಮ ಅಜ್ಜ, ಅಜ್ಜಿಯಂತೆ ಕೇಳಿಸಿದರೂ ತಂದೆಯ ಕಡೆಯವರಿಗಷ್ಟೇ ಸಲ್ಲುತ್ತವೆ. ತಾಯಿಯ ಕಡೆಗೆ ನಾನಾ, ನಾನಿ. ‘ಡೂಗ್ಲಾ’, ಅಂದರೆ ಭಾರತೀಯ ಮತ್ತು ಆಫ್ರಿಕನ್ ಮೂಲದ ಇಬ್ಬರಿಗೆ ಹುಟ್ಟಿದವರು, ಎಂಬುದನ್ನು ‘ಮಿಶ್ರತಳಿ’ ಎಂದು ಅನುವಾದಿಸಬೇಡಿ. ತಳಿ ದನಕ್ಕೆ, ಬೀಜಕ್ಕೆ. ‘ಮಿಶ್ರ ಮೂಲದವರು’ ಎಂದು ವಿವರಿಸಿದರೆ ಸಾಕು.

‘ಸ್ಟೀಲ್ ಪ್ಯಾನ್’ ಅನ್ನು ‘ಉಕ್ಕಿನ ಡೋಲು’ ಎಂದರೆ ತಾಳವಾದ್ಯವಾಗಿಬಿಡುತ್ತದೆ. ಇದು ಸ್ವರ ನುಡಿಸುವ ವಾದ್ಯ. ತೈಲದ ಪೀಪಾಯಿಯ ಮುಚ್ಚಳದ ಭಾಗವನ್ನು ಸುತ್ತಿಗೆಯಿಂದ ಬಡಿದು ಬೋಗುಣಿಯಂತೆ ತಗ್ಗಿಸಿ, ಒಂದೊಂದು ಸ್ವರಕ್ಕೂ ಗೆರೆ ಕೊರೆದು, ಪಕ್ಕದ ತಗಡನ್ನು ಬೇಕಾದಷ್ಟಕ್ಕೆ ಕತ್ತರಿಸಿ, ಬೆಂಕಿಯಲ್ಲಿ ಕಾಯಿಸಿ, ಆಮೇಲೆ ಶ್ರುತಿ ಮಾಡುತ್ತಾರೆ. ಪಕ್ಕ ಗಿಡ್ಡವಾದದ್ದು ಮೇಲಿನ ಸ್ವರಗಳಿಗೆ, ಇಡೀ ಪೀಪಾಯಿ ಉಳಿದದ್ದು ಮಂದ್ರಕ್ಕೆ. ನುಡಿಸುವುದು ತುದಿಗೆ ರಬ್ಬರ್ ಸುತ್ತಿದ ಕಡ್ಡಿಗಳಿಂದ. ‘ಟೆನರ್ ಪ್ಯಾನ್’ ಎಂದಾಗ ಪಾಶ್ಚಾತ್ಯ ಗಾಯನದ ಟೆನರ್ ನೆನೆದು ಗಂಡುದನಿ, ಮಧ್ಯಮ ಸ್ಥಾಯಿ ಎಂದೆಲ್ಲ ಬರೆಯಬಾರದು. ಪ್ಯಾನ್‌ಗಳಲ್ಲಿ ಅದೇ ಅತಿ ಮೇಲಿನ ದನಿಯದು, ರಾಗದ ಎಳೆ ಸಾಮಾನ್ಯವಾಗಿ ಅದರ ಪಾಲಿಗೇ ಬರುತ್ತದೆ. ಅಲ್ಲಿಯ ಜನ ವಾದ್ಯವನ್ನು ಬರೀ ‘ಪ್ಯಾನ್’ ಎನ್ನುತ್ತಾರೆ. ಕನ್ನಡದಲ್ಲಿ ಮೊದಲ ಸಲ ‘ಪ್ಯಾನ್ ವಾದ್ಯ’ ಎಂದು ಬರೆದು, ಮುಂದೆ ‘ಪ್ಯಾನ್’ ಎಂದರೆ ಯಾರೂ ಬಾಣಲೆ ಎಂದುಕೊಳ್ಳುವುದಿಲ್ಲ.