ಜಾಮೀನುದಾರನ ಹೊಣೆಯಿಂದ ಹಿಂದೆ ಸರಿಯುವುದು ಹೇಗೆ?

ಪ್ರಶ್ನೆ: ಆಳಂದ ತಾಲ್ಲೂಕಿನ ಒಬ್ಬ ರೈತ
ನನ್ನ ಸೋದರಮಾವನ ಮಗನಿಗೆ ಕಲಬುರಗಿಯ ನ್ಯಾಯಾಲಯದಲ್ಲಿ ಜಾಮೀನು ಸಿಕ್ಕಾಗ, ನಾನೂ ಅವರ ಊರಿನ ಇನ್ನೊಬ್ಬರೂ ತಲಾ ಐವತ್ತು ಸಾವಿರ ರೂಪಾಯಿಗೆ ಜಾಮೀನುದಾರರಾಗಿ ಮುಚ್ಚಳಿಕೆಗೆ ರುಜು ಹಾಕಿದೆವು. ತೊಗರಿ ಬೆಳೆಯುವ ನನ್ನ ಹೊಲದ ಪಹಣಿಯನ್ನು ಕೊಟ್ಟಿದ್ದೇನೆ. ಈಗ ಆತ ಪುಣೆಗೆ ಕೆಲಸಕ್ಕೆ ಹೋಗಿದ್ದಾನೆ, ಫೋನ್ ಎತ್ತುವುದಿಲ್ಲ. ಕಳೆದ ವಾಯಿದೆಗೆ ಆತ ಬರದಿದ್ದಾಗ ವಕೀಲರು ಗೈರುಹಾಜರಿ ಮನ್ನಿಸುವಂತೆ ಅರ್ಜಿ ಹಾಕಿ ಪಾರು ಮಾಡಿದರು. ನಾನು ಈ ಹೊಣೆಯಿಂದ ಬಿಡಿಸಿಕೊಳ್ಳಲು ಆತನ ಒಪ್ಪಿಗೆ ಬೇಕೇ? ಠಾಣೆಗೆ ಪತ್ರ ಕೊಟ್ಟರೆ ಸಾಕೇ?

ಉತ್ತರ: ವಕೀಲ, ಕಲಬುರಗಿ
ಆತನ ಒಪ್ಪಿಗೆ ಬೇಕಿಲ್ಲ. ಠಾಣೆಗೆ ಕೊಟ್ಟ ಪತ್ರದಿಂದ ಹೊಣೆ ಕಳೆಯುವುದೂ ಇಲ್ಲ. ದಂಡ ಪ್ರಕ್ರಿಯಾ ಸಂಹಿತೆಯ 444ನೇ ಕಲಮಿನಲ್ಲಿದ್ದ ಅವಕಾಶ, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 489ನೇ ಕಲಮಿನಲ್ಲಿ ಮುಂದುವರಿದಿದೆ. ಅದರಂತೆ ಜಾಮೀನುದಾರನು ಯಾವಾಗ ಬೇಕಾದರೂ, ಮುಚ್ಚಳಿಕೆಯನ್ನು ಪೂರ್ತಿಯಾಗಿ ಅಥವಾ ತನ್ನ ಮಟ್ಟಿಗೆ ರದ್ದುಪಡಿಸುವಂತೆ ಅರ್ಜಿ ಸಲ್ಲಿಸಬಹುದು. ಅರ್ಜಿ ಬಂದ ಮೇಲೆ ಮ್ಯಾಜಿಸ್ಟ್ರೇಟರು ಆರೋಪಿಯನ್ನು ಹಾಜರುಪಡಿಸಲು ಬಂಧನ ವಾರಂಟ್ ಹೊರಡಿಸುತ್ತಾರೆ. ಆತ ಹಾಜರಾದಾಗ, ಇಲ್ಲವೇ ತಾನಾಗಿ ಶರಣಾದಾಗ, ನಿಮ್ಮ ಮುಚ್ಚಳಿಕೆಯನ್ನು ವಜಾ ಮಾಡಿ, ಬೇರೆ ಜಾಮೀನುದಾರರನ್ನು ಒದಗಿಸುವಂತೆ ಆತನಿಗೆ ಸೂಚಿಸುತ್ತಾರೆ. ಒದಗಿಸದಿದ್ದರೆ ಆತನನ್ನು ಜೈಲಿಗೆ ಕಳುಹಿಸಬಹುದು. ಅರ್ಜಿ ಕೊಟ್ಟ ದಿನವೇ ಹೊಣೆ ಮುಗಿಯಿತೆಂದು ದಯವಿಟ್ಟು ಭಾವಿಸಬೇಡಿ. ಆ ಆದೇಶ ಆಗುವವರೆಗೆ ನೀವೇ ಜಾಮೀನುದಾರರು, ಆದ್ದರಿಂದ ಆತನ ಪುಣೆಯ ವಿಳಾಸ ಗೊತ್ತಿದ್ದರೆ ಅರ್ಜಿಯಲ್ಲೇ ಬರೆಯಿರಿ. ವಾರಂಟ್ ಜಾರಿಯಾಗಲು ಅದು ನೆರವಾಗುತ್ತದೆ.

ಉತ್ತರ: ಬೀದರಿನಿಂದ
ಅರ್ಜಿ ಹಾಕುವ ಮುನ್ನ ಆತನ ತಾಯಿಗೆ ವಿಷಯವನ್ನು ನೇರವಾಗಿ ತಿಳಿಸುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ. ಹೊಸ ಜಾಮೀನುದಾರರನ್ನು ಜೊತೆಗೆ ಕರೆದುಕೊಂಡು ಆತನೇ ಬಂದು ಶರಣಾದರೆ, ವಾರಂಟು ಪುಣೆಯವರೆಗೆ ಹೋಗಿ ಬರುವ ಕಾಲವೂ ಉಳಿಯುತ್ತದೆ, ನೆಂಟಸ್ತಿಕೆಯೂ ಉಳಿಯುತ್ತದೆ. ಆದರೆ ಮನೆಯವರು "ಇವತ್ತು ಬರ್ತಾನೆ, ನಾಳೆ ಬರ್ತಾನೆ" ಎನ್ನುತ್ತಾ ಹೋದರೆ ಮುಂದಿನ ವಾಯಿದೆಯವರೆಗೆ ಕಾಯಬೇಡಿ.

ಪ್ರಶ್ನೆ ಕೇಳಿದವರು
ತಿಳಿಸಿದ್ದಕ್ಕೆ ಕೃತಜ್ಞತೆಗಳು. ಅಷ್ಟರೊಳಗೆ ಮುಚ್ಚಳಿಕೆ ಮುಟ್ಟುಗೋಲಾದರೆ ಹೊಲ ಹೋಗುತ್ತದೆಯೇ? ಇನ್ನೊಬ್ಬ ಜಾಮೀನುದಾರರ ಗತಿ ಏನು?

ಉತ್ತರ: ವಕೀಲ, ಕಲಬುರಗಿ
ಅವರ ಮುಚ್ಚಳಿಕೆ ಬೇರೆ. ಅವರೂ ಅರ್ಜಿ ಹಾಕದ ಹೊರತು ಅದು ಹಾಗೆಯೇ ಉಳಿಯುತ್ತದೆ. ಮುಟ್ಟುಗೋಲಾದರೆ 491ನೇ ಕಲಮಿನಡಿ ನ್ಯಾಯಾಲಯವು, ಹಣ ಕಟ್ಟಬೇಕು ಇಲ್ಲವೇ ಏಕೆ ಕಟ್ಟಬಾರದೆಂದು ಕಾರಣ ತೋರಿಸಬೇಕು ಎಂದು ಕೇಳುತ್ತದೆ. ಆ ನೋಟಿಸನ್ನು ಕಡೆಗಣಿಸಬೇಡಿ. ಆತನನ್ನು ಹುಡುಕಲು ಮಾಡಿದ ಪ್ರಯತ್ನಗಳನ್ನು ದಾಖಲೆಸಹಿತ ವಿವರಿಸಿದರೆ, ನ್ಯಾಯಾಲಯ ಕಾರಣಗಳನ್ನು ದಾಖಲಿಸಿ ಮೊತ್ತದ ಒಂದು ಭಾಗವನ್ನು ಮನ್ನಾ ಮಾಡಬಹುದು. ಹೊಣೆ ಐವತ್ತು ಸಾವಿರಕ್ಕೆ ಮಾತ್ರ, ಇಡೀ ಹೊಲಕ್ಕಲ್ಲ. ಆದರೆ ಕಟ್ಟದೆ ಉಳಿದ ಹಣವನ್ನು ದಂಡದಂತೆಯೇ ವಸೂಲಿ ಮಾಡುವ ಅಧಿಕಾರವಿದೆ, ವಸೂಲಾಗದಿದ್ದರೆ ಆರು ತಿಂಗಳವರೆಗೆ ಸಿವಿಲ್ ಜೈಲಿನಲ್ಲಿಡಲೂ ಅವಕಾಶವಿದೆ. ಬಿಡುಗಡೆಯ ಆದೇಶ ಸಿಕ್ಕ ಮೇಲೆ ಅದರ ದೃಢೀಕೃತ ಪ್ರತಿ ಪಡೆದು, ಪಹಣಿಯ 11ನೇ ಕಾಲಮಿನಲ್ಲಿ ಜಾಮೀನಿನ ನಮೂದೇನಾದರೂ ಇದೆಯೇ ಎಂದು ನೋಡಿ. ಇದ್ದರೆ ಅದನ್ನು ತೆಗೆಸಲು ತಹಶೀಲ್ದಾರರಿಗೆ ಆ ಪ್ರತಿಯೊಂದಿಗೆ ಅರ್ಜಿ ಕೊಡಿ.