ಅಪ್‌ಡೇಟ್: ಗುದ್ದಿದ ಕಾರಿಗೆ ಇನ್ಶೂರೆನ್ಸ್ ಇರಲಿಲ್ಲ
ಹಿಂದಿನಿಂದ ಬಂದು ಗುದ್ದಿದ ಕಾರಿನ ಪಾಲಿಸಿ ಮುಗಿದುಹೋಗಿತ್ತು. ನಮ್ಮ ಕಾರಿನ ರಿಪೇರಿ, ಅಮ್ಮನ ಕೈ ಮುರಿದ ಆಸ್ಪತ್ರೆ ಖರ್ಚು ಯಾರು ಕೊಡಬೇಕು ಅಂತ ಕೇಳಿದ್ದೆ.

ರಿಪೇರಿ ನಮ್ಮದೇ ಫುಲ್ ಇನ್ಶೂರೆನ್ಸಲ್ಲಿ ಆಯ್ತು. ನೋ ಕ್ಲೇಮ್ ಬೋನಸ್ (ಕ್ಲೇಮ್ ಮಾಡದಿದ್ರೆ ಪ್ರೀಮಿಯಂನಲ್ಲಿ ಸಿಗೋ ರಿಯಾಯಿತಿ) ಹೋಯ್ತು, ಅದಕ್ಕೇ ಹೊಟ್ಟೆ ಉರಿ.

ಗುದ್ದಿದ ಕಾರಿನ ಮಾಲೀಕರು ಅಪಘಾತದ ದಿನ ಮಧ್ಯಾಹ್ನವೇ ಆನ್‌ಲೈನಲ್ಲಿ ರಿನ್ಯೂ ಮಾಡಿಸಿ, "ಈಗ ಪಾಲಿಸಿ ಇದೆಯಲ್ಲ ಸಾರ್" ಅಂದರು! ಪಾಲಿಸಿ ಎಷ್ಟು ಗಂಟೆಯಿಂದ ಶುರು ಅಂತ ಅದರಲ್ಲೇ ಅಚ್ಚಾಗಿರುತ್ತೆ. ಬೆಳಗ್ಗೆ ಆಗಿದ್ದು ಅದರೊಳಗೆ ಬರಲ್ಲ.

ಹಾಗಾಗಿ ಅಮ್ಮನ ಪರಿಹಾರವನ್ನು ಚಾಲಕ, ಮಾಲೀಕರೇ ಕೈಯಿಂದ ಕೊಡಬೇಕು ಅಂದರು ವಕೀಲರು. ಮೋಟಾರು ಅಪಘಾತ ನ್ಯಾಯಮಂಡಳಿಗೆ ಎಫ್‌ಐಆರ್, ಗಾಯದ ಸರ್ಟಿಫಿಕೇಟ್, ಬಿಲ್ಲುಗಳ ಸಮೇತ ಅರ್ಜಿ ಹಾಕಿದ್ದೇವೆ. ಇನ್ಶೂರೆನ್ಸ್ ಇಲ್ಲದ್ದಕ್ಕೆ ಮೊದಲ ಸಲದ ₹2,000 ದಂಡ ಸರ್ಕಾರಕ್ಕೆ, ನಮಗಲ್ಲ. ನೋಟಿಸ್ ಹೋದಮೇಲೆ ಅವರ ಕಡೆಯಿಂದ ರಾಜಿ ಮಾತು ಶುರುವಾಗಿದೆ.