ನಿಷ್ಕ್ರಿಯ ಕಬ್ಬಿಣವೋ, ಪೊರೆಗಟ್ಟಿದ ಕಬ್ಬಿಣವೋ?

ಆತ್ಮೀಯರೇ,

ಕಾಸರಗೋಡು ಜಿಲ್ಲೆಯ ಬದಿಯಡ್ಕದ ಕಡೆ ಕನ್ನಡ ಮಾಧ್ಯಮದ ಮಕ್ಕಳಿಗೆ ರಸಾಯನ ವಿಜ್ಞಾನ ಕಲಿಸುತ್ತೇನೆ. ಒಂದು ಪದದ ಬಗ್ಗೆ ಬಲ್ಲವರ ಅಭಿಪ್ರಾಯ ಬೇಕಾಗಿದೆ.

ಸಾರರಿಕ್ತ, ಅಂದರೆ ನೀರು ಬೆರೆಸಿ ತೆಳುವಾಗಿಸಿದ, ನೈಟ್ರಿಕ್ ಆಮ್ಲದಲ್ಲಿ ಕಬ್ಬಿಣ ಕರಗುತ್ತದೆ. ಸಾರೀಕೃತ (ಗಾಢ) ಆಮ್ಲದಲ್ಲಿ ಒಮ್ಮೆ ತುಸು ಕಂದು ಹೊಗೆ ಎದ್ದು, ಎಲ್ಲವೂ ನಿಂತುಬಿಡುತ್ತದೆ. ಆಮ್ಲದ ಉತ್ಕರ್ಷಣ (ಆಕ್ಸಿಜನ್ ಸೇರಿಸುವ) ಶಕ್ತಿಯೇ ಲೋಹದ ಮೈಮೇಲೆ ಆಕ್ಸೈಡಿನ ತೀರ ತೆಳುವಾದ ಪದರವನ್ನು ಕಟ್ಟಿರುತ್ತದೆ. ಅಲ್ಯೂಮಿನಿಯಂ, ಕ್ರೋಮಿಯಂ ಕೂಡ ಹೀಗೆಯೇ. ತಾಮ್ರಕ್ಕೆ ಆ ರಕ್ಷಣೆ ಇಲ್ಲ, ಅದು ಪೂರ್ತಿ ಕರಗುತ್ತದೆ.

ಈ ಸ್ಥಿತಿಯನ್ನು ನಾವು ‘ನಿಷ್ಕ್ರಿಯ’ ಎನ್ನುತ್ತೇವೆ. ಬೇರೆ ವಸ್ತುಗಳೊಂದಿಗೆ ಸುಲಭಕ್ಕೆ ವರ್ತಿಸದ ಆರ್ಗಾನನ್ನೂ ನಿಷ್ಕ್ರಿಯ ಅನಿಲ ಎಂದೇ ಕಲಿಸಿರುತ್ತೇವೆ. ಹಾಗಾಗಿ ಕಬ್ಬಿಣವೂ ತನ್ನ ಗುಣ ಬಿಟ್ಟುಕೊಟ್ಟಿತು ಎಂದು ಮಕ್ಕಳು ತಿಳಿಯುತ್ತಾರೆ. ಅದು ತಪ್ಪು.

ನಮ್ಮ ಮಕ್ಕಳಿಗೆ ಇದನ್ನು ತೋರಿಸುವುದು ಸುಲಭ. ಅಡಿಕೆಗೆ ಮದ್ದು ಬಿಡುವ ಮನೆಗಳಲ್ಲಿ ಮೈಲುತುತ್ತು (ತಾಮ್ರದ ಸಲ್ಫೇಟ್) ಇದ್ದೇ ಇರುತ್ತದೆ. ಮೈಲುತುತ್ತಿಗೆ ಸುಣ್ಣ ಬೆರೆಸಿ ಮಾಡುವ ಬೋರ್ಡೋ ದ್ರಾವಣಕ್ಕೆ ಸುಣ್ಣ ಸಾಕಾಯಿತೇ ಎಂದು ನೋಡಲು ಹಿರಿಯರು ಕತ್ತಿಯ ಅಲಗನ್ನು ಅದ್ದುತ್ತಾರೆ. ಅಲಗು ಕೆಂಪಾದರೆ ತಾಮ್ರ ಕೂತಿದೆ, ಇನ್ನಷ್ಟು ಸುಣ್ಣ ಬೇಕು. ಸಾರೀಕೃತ ಆಮ್ಲದಿಂದ ತೆಗೆದ ಮೊಳೆಯನ್ನು ನಾನು ಮೆಲ್ಲನೆ ತೊಳೆದು ಮೈಲುತುತ್ತಿನ ನೀರಿಗೆ ಇಳಿಸಿದೆ. ಮೊಳೆ ಬೆಳ್ಳಗೇ ಇತ್ತು. ಗಾಜಿನ ಚೂರಿನಿಂದ ಒಂದು ಗೀರು ಹಾಕಿದೆ. ಗೀರಿನಿಂದ ಹೊರಟ ಕೆಂಪು ಮೊಳೆಯನ್ನೆಲ್ಲ ಆವರಿಸಿತು. ಒಳಗಿನ ಕಬ್ಬಿಣ ಎಂದಿನಂತೆಯೇ ಚುರುಕಾಗಿತ್ತು! 1836ರಲ್ಲಿ ವಿಜ್ಞಾನಿಗಳಾದ ಶೋನ್‌ಬೈನ್ ಮತ್ತು ಫ್ಯಾರಡೆ ಪತ್ರಗಳಲ್ಲಿ ಚರ್ಚಿಸಿದ್ದು ಕಬ್ಬಿಣದ ಈ ವಿಚಿತ್ರವನ್ನೇ.

‘ಜಡ್ಡುಗಟ್ಟು’ ಎಂಬ ಪದ ಮೊದಲು ಹೊಳೆಯಿತು. ಆದರೆ ಜಡ್ಡು ದಪ್ಪ, ಜೊತೆಗೆ ಮಂದ ಬುದ್ಧಿಯ ಅರ್ಥವೂ ಅಂಟಿಕೊಂಡಿದೆ. ‘ಕಲಾಯಿ’ ಹೊರಗಿನವರು ಹಾಕುವಂಥದ್ದು, ಇಲ್ಲಿ ಪದರ ಲೋಹದಿಂದಲೇ ಹುಟ್ಟುತ್ತದೆ. ನನಗೆ ಹಿಡಿಸಿದ್ದು ‘ಪೊರೆಗಟ್ಟು’. ಕಣ್ಣಿನ ಪೊರೆ, ಹಾವಿನ ಪೊರೆ ಎನ್ನುವಾಗಿನ ತೆಳುವು ಇದರಲ್ಲಿದೆ. ಕ್ರಿಯಾಪದವಾದಾಗ ‘ಪೊರೆ’ ಎಂದರೆ ಕಾಪಾಡು. ಆ ಪದರ ಮಾಡುವ ಕೆಲಸವೂ ಅದೇ.

‘ಪೊರೆಗಟ್ಟಿದ ಕಬ್ಬಿಣ’ ಎಂದು ತರಗತಿಯಲ್ಲಿ ಬಳಸತೊಡಗಿದ್ದೇನೆ. ಪರೀಕ್ಷೆಯಲ್ಲಿ ಮಾತ್ರ ‘ನಿಷ್ಕ್ರಿಯ’ ಎಂದೇ ಬರೆಯಿರಿ ಎನ್ನಬೇಕಾಗುತ್ತದೆ. ಈ ಅರ್ಥದಲ್ಲಿ ಕಮ್ಮಾರರಲ್ಲಾಗಲಿ ಕಂಚುಗಾರರಲ್ಲಾಗಲಿ ಬಳಕೆಯಲ್ಲಿರುವ ಬೇರೆ ಮಾತು ನಿಮಗೆ ಗೊತ್ತಿದೆಯೇ?